ಒಂದು ದಿನದ ವೇಳಾಪಟ್ಟಿ

ಯಾವ ಪ್ರವಾಸವೂ ಹೊರಡುವ ದಿನದಂದೇ ಆರಂಭವಾಗುವುದಿಲ್ಲ. ಚಪ್ಪರದ ಕಂಬ ನೆಡುವಾಗಲೇ ಮದುವೆಯ ಸಡಗರ ಮನೆಗೆ ಬಂದುಬಿಡುವಂತೆ, ದಾರಿ ಯಾವುದು, ಬುತ್ತಿ ಏನು, ಎಷ್ಟು ಗಂಟೆಗೆ ಏಳಬೇಕು ಎಂಬ ಮಾತುಗಳಲ್ಲಿಯೇ ಪ್ರವಾಸದ ಅರ್ಧ ಸುಖ ಮುಗಿದುಹೋಗಿರುತ್ತದೆ. ಸಿದ್ಧತೆ ನಡೆಸುವವರು ಇಬ್ಬರಾಗಿ, ಒಬ್ಬರಿಗೆ ಎಪ್ಪತ್ತು ಸಮೀಪಿಸಿ, ಇನ್ನೊಬ್ಬರಿಗೆ ಹದಿನಾಲ್ಕು ತುಂಬಿದ್ದರೆ ಆ ಸುಖಕ್ಕೆ ಸ್ವಲ್ಪ ಜಗಳವೂ ಬೆರೆಯುವುದು ಸಹಜವೇ.

ಮಂಡ್ಯದ ಒಂದು ಹಳೆಯ ಮನೆಯಲ್ಲಿ ನಡುಮನೆಯ ಬಾಗಿಲ ಚೌಕಟ್ಟಿನ ಮೇಲೆ ಒಂದರ ಮೇಲೊಂದು ಪೆನ್ಸಿಲ್ ಗೆರೆಗಳಿವೆ. ಪ್ರತಿ ಯುಗಾದಿಯಂದು ತಾತ ಮೊಮ್ಮಗಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಅಡಿಪಟ್ಟಿಯನ್ನು ಸಮನಾಗಿ ಇಟ್ಟು, ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯುತ್ತ ಬಂದಿದ್ದಾರೆ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಇಂದಿಗೂ ‘ಮೇಷ್ಟ್ರು’ ಎಂದೇ ಕರೆಯುತ್ತಾರೆ. ಮುದ್ದಿನ ಮಾತು ಅವರಿಗೆ ಒಲಿದುದಲ್ಲ. ಅಳತೆಯಿಲ್ಲದ ಪ್ರೀತಿಯನ್ನೂ ಅವರು ಅಳತೆಯ ಮೂಲಕವೇ ತೋರಿಸಬಲ್ಲವರು.

ಹಿಂದಿನ ವರ್ಷ ಹುಡುಗಿ ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಬಿಡದಿಯ ವಂಡರ್‌ಲಾಕ್ಕೆ ಪ್ರವಾಸ ಹೊರಟಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ 2005ರಲ್ಲಿ ತೆರೆದ ಆ ವಿನೋದ ಉದ್ಯಾನದ ಹೆಸರು ಕೇಳದ ಮಕ್ಕಳು ನಮ್ಮ ನಾಡಿನಲ್ಲಿ ಈಗ ವಿರಳ. ಸುಮಾರು 82 ಎಕರೆಯ ನೆಲದಲ್ಲಿ ನೀರಿನ ಆಟಗಳೂ ಒಣ ನೆಲದ ಆಟಗಳೂ ಸೇರಿ ಹತ್ತಾರು ಬಗೆಯ ಆಟಗಳಿವೆ. ಎದೆ ನಡುಗಿಸುವ ದೊಡ್ಡ ಆಟಗಳ ಬಾಗಿಲಲ್ಲಿ ಒಂದು ಅಳತೆಯ ಕಂಬ ನಿಂತಿರುತ್ತದೆ. 140 ಸೆಂಟಿಮೀಟರ್ ಮುಟ್ಟದವರಿಗೆ ಅಲ್ಲಿ ಪ್ರವೇಶವಿಲ್ಲ. ಹುಡುಗಿ ಅಂದು 139 ಇದ್ದಳು. ಗೆಳತಿಯರು ನಗುತ್ತ ಒಳಗೆ ಹೋದರು. ಅವಳು ಎಲ್ಲರ ಚೀಲಗಳನ್ನೂ ಚಪ್ಪಲಿಗಳನ್ನೂ ಕಾಯುತ್ತ ಹೊರಗೆ ಬೆಂಚಿನ ಮೇಲೆ ಕುಳಿತಳು. ಮನೆಗೆ ಬಂದವಳು ಊಟ ಮಾಡದೆ ಮಲಗಿದಳೆಂದು ತಾಯಿಯಿಂದ ತಿಳಿದಾಗ ಮೇಷ್ಟರು ಏನೂ ಹೇಳಲಿಲ್ಲ. ಆದರೆ ಮಾರನೆಯ ದಿನ ಬಾಗಿಲ ಚೌಕಟ್ಟಿನ ಮೇಲೆ 140ರ ಮಟ್ಟಕ್ಕೆ ಸರಿಯಾಗಿ ಒಂದು ಕೆಂಪು ಗೆರೆ ಮೂಡಿತ್ತು.

ಈ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಹುಡುಗಿಯ ತಲೆ ಕೆಂಪು ಗೆರೆಯನ್ನು ದಾಟಿ ಒಂದೂವರೆ ಸೆಂಟಿಮೀಟರ್ ಮೇಲೇರಿತು. ಅಂದು ಸಂಜೆಯೇ ಮೇಷ್ಟರು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯನ್ನು ತೆರೆದು ‘ವಂಡರ್‌ಲಾ—ಒಂದು ದಿನದ ವೇಳಾಪಟ್ಟಿ’ ಎಂದು ತಲೆಬರಹ ಬರೆದರು.

ಮೊದಲು ದಿನದ ಆಯ್ಕೆ. ಭಾನುವಾರ ಬೇಡ, ಅಂದು ಜನವೂ ಹೆಚ್ಚು, ಟಿಕೆಟ್ಟಿನ ದರವೂ ಹೆಚ್ಚು. ಶಾಲೆ ತಪ್ಪಿಸಿ ಹೋಗುವುದು ಮೇಷ್ಟರ ಮನೆಯಲ್ಲಿ ಆಗದ ಮಾತು. ದಸರೆಯ ರಜೆಯಲ್ಲಿ ಹೋಗೋಣವೆಂದರೆ ಹಬ್ಬದ ದಿನಗಳಲ್ಲಿ ಮೈಸೂರಿನ ಹಾದಿ ಜಾತ್ರೆಯಾಗಿರುತ್ತದೆ. ಆದುದರಿಂದ ವಿಜಯದಶಮಿ ಕಳೆದು, ಪ್ರವಾಸಿಗರು ಊರು ಸೇರಿದ ಮೇಲೆ, ರಜೆ ಇನ್ನೂ ಉಳಿದಿರುವಾಗ ಬರುವ ಒಂದು ಮಂಗಳವಾರವೆಂದು ನಿಶ್ಚಯವಾಯಿತು. ತಾಯಿಗೆ ಅಂದು ಕೆಲಸಕ್ಕೆ ರಜೆ ಇಲ್ಲ. ಹೋಗುವವರು ಇಬ್ಬರೇ.

ಬಳಿಕ ದಾರಿ. ಮಂಡ್ಯದಿಂದ ಬಿಡದಿಗೆ ಸುಮಾರು 70 ಕಿಲೋಮೀಟರ್. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬೆಂಗಳೂರನ್ನು ಹತ್ತಿರ ತಂದಿದೆ, ನಿಜ. ಆದರೆ ಅದು ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಈ ಊರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಓಡುತ್ತದೆ. ಎಲ್ಲಿಯೂ ನಿಲ್ಲದ ಬಸ್ಸನ್ನು ಹತ್ತಿದವರು ಬಿಡದಿಯನ್ನು ಕಿಟಕಿಯಿಂದಲೂ ಕಾಣದೆ ಬೆಂಗಳೂರು ಸೇರಿಯಾರು. ಇದನ್ನು ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿ ತಿಳಿದ ಮೇಷ್ಟರು ಊರೂರಲ್ಲಿ ನಿಲ್ಲುವ ರೈಲನ್ನೇ ಆರಿಸಿದರು. ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು, ಆಟೋ ಹಿಡಿದರೆ ಬಾಗಿಲು ತೆರೆಯುವ ವೇಳೆಗೆ ತಲುಪಬಹುದು. ಒಳಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲವಾದ್ದರಿಂದ ತಾಯಿ ಕಟ್ಟಲಿದ್ದ ಚಿತ್ರಾನ್ನವನ್ನು ರೈಲಿನಲ್ಲಿಯೇ ಮುಗಿಸಬೇಕೆಂದೂ ಪಟ್ಟಿಯಲ್ಲಿ ಬರೆಯಲಾಯಿತು. ತಟ್ಟೆ ಇಡ್ಲಿಯೂ ಚಿತ್ರಾನ್ನವೂ ಒಂದೇ ಹೊಟ್ಟೆಗೆ ಹೇಗೆ ಎಂಬ ಪ್ರಶ್ನೆಯನ್ನು ಹುಡುಗಿ ಕೇಳಿದಳು, ಉತ್ತರ ಬರಲಿಲ್ಲ.

ಇಲ್ಲಿಯವರೆಗೆ ಜಗಳವಿರಲಿಲ್ಲ. ಅದು ಆರಂಭವಾದದ್ದು ಆಟಗಳ ಪಟ್ಟಿಗೆ ಬಂದಾಗ.

ಮೇಷ್ಟರು ಇಪ್ಪತ್ತೆರಡು ಆಟಗಳನ್ನು ಹೆಸರಿಸಿ, ಪ್ರತಿಯೊಂದರ ಮುಂದೆಯೂ ನಿಮಿಷಗಳನ್ನು ಬರೆದಿದ್ದರು. ಟಿಕೆಟ್ಟಿನ ಹಣವನ್ನು ಇಪ್ಪತ್ತೆರಡರಿಂದ ಭಾಗಿಸಿ, ಒಂದೊಂದು ಆಟಕ್ಕೆ ಬೀಳುವ ವೆಚ್ಚವನ್ನೂ ಕೆಳಗೆ ತೋರಿಸಿದ್ದರು. ಹುಡುಗಿ ಅದನ್ನು ಓದಿ, ತನ್ನ ಪುಸ್ತಕದಿಂದ ಒಂದು ಚೀಟಿಯನ್ನು ತೆಗೆದು ಮುಂದಿಟ್ಟಳು. ಅದರಲ್ಲಿ ಐದೇ ಆಟಗಳಿದ್ದವು.

“ಐದಕ್ಕೆ ಅಷ್ಟು ಹಣ ಕೊಟ್ಟು ಹೋಗಬೇಕೇನಮ್ಮ?”

“ತಾತ, ನಾವು ಆಡೋದಕ್ಕೆ ಹೋಗ್ತಿದ್ದೀವೋ, ಎಣಿಸೋದಕ್ಕೋ?”

ಹಿರಿಯರು ಸಾಮಾನ್ಯವಾಗಿ ಕೊಟ್ಟ ಹಣಕ್ಕೆ ಎಷ್ಟು ಬಂತು ಎಂದು ನೋಡುತ್ತಾರೆ. ಆ ಹಣ ಹೇಗೆ ಬಂತೆಂಬುದು ಅವರಿಗೆ ಗೊತ್ತು, ಅದನ್ನು ತಪ್ಪೆನ್ನಲಾಗದು. ಹದಿಹರೆಯದವರ ಲೆಕ್ಕ ಬೇರೆ. ಅವರಿಗೆ ದಿನದಲ್ಲಿ ನೆನಪಿನಲ್ಲಿ ಉಳಿಯುವಂಥ ಒಂದೆರಡು ಗಳಿಗೆ ದೊರೆತರೆ ಸಾಕು; ಉಳಿದ ಹೊತ್ತನ್ನು ಸುಮ್ಮನೆ ಅಲೆದು ಕಳೆದರೂ ನಷ್ಟವೆನಿಸದು. ಎರಡು ದಿನ ಮನೆಯಲ್ಲಿ ಈ ಎರಡು ಲೆಕ್ಕಗಳ ವಾದ ನಡೆಯಿತು. ಕೊನೆಗೆ ಮೇಷ್ಟರು ಅನುಭವಿಯಾದ ಉಪಾಧ್ಯಾಯರಂತೆ, ಸೋತೆನೆಂದು ಹೇಳದೆ, ಚರ್ಚೆಯನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಐದಾದರೂ ಆಗಲಿ, ಇಪ್ಪತ್ತೆರಡಾದರೂ ಆಗಲಿ, ಆ ದಿನವನ್ನು ನುಂಗುವುದು ಆಟವಲ್ಲ, ಸಾಲು ಎಂದರು.

ಸಾಲಿನಲ್ಲಿ ನಿಲ್ಲುವುದಕ್ಕೂ ಒಂದು ಗಣಿತವಿದೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಎರ್ಲಾಂಗ್ ಎಂಬ ಗಣಿತಜ್ಞನು ದೂರವಾಣಿ ಕಂಪನಿಯಲ್ಲಿ ಕೆಲಸಮಾಡುತ್ತ, ಕರೆಗಳು ಒಂದರ ಮೇಲೊಂದು ಬಂದಾಗ ಎಷ್ಟು ತಂತಿಗಳಿದ್ದರೆ ಸಾಕು, ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ಲೆಕ್ಕಹಾಕಿ 1909ರಲ್ಲಿ ಪ್ರಕಟಿಸಿದನು. ಇಂದು ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳಲ್ಲೆಲ್ಲ ಬಳಕೆಯಲ್ಲಿರುವ ಸಾಲುಗಳ ಶಾಸ್ತ್ರಕ್ಕೆ ಅದೇ ಮೊದಲು. ಆತನೂ ಕೆಲವು ವರ್ಷ ಶಾಲಾ ಉಪಾಧ್ಯಾಯನಾಗಿದ್ದವನೇ ಎಂಬುದನ್ನು ಮೇಷ್ಟರು ಹೇಳದೆ ಬಿಡಲಿಲ್ಲ. ಅದೇ ಊರಿನ ಮಧ್ಯದಲ್ಲಿ 1843ರಲ್ಲಿ ಆರಂಭವಾದ ಟಿವೊಲಿ ಎಂಬ ವಿನೋದ ಉದ್ಯಾನ ಇಂದಿಗೂ ಇದೆ.

ಮೇಷ್ಟರು ಮಾಡಿದ ಲೆಕ್ಕ ಇಷ್ಟು ದೊಡ್ಡದಲ್ಲ, ಯಾರಾದರೂ ಮಾಡಬಹುದಾದದ್ದು. ಒಂದು ಗಾಡಿಯಲ್ಲಿ 24 ಮಂದಿ ಕೂರುತ್ತಾರೆನ್ನಿ. ಅವರನ್ನು ಹತ್ತಿಸಿ, ಭುಜದ ಪಟ್ಟಿ ಬಿಗಿದು, ಓಡಿಸಿ, ಇಳಿಸಲು 4 ನಿಮಿಷ. ಗಂಟೆಗೆ 15 ಸುತ್ತು, 360 ಮಂದಿ. ಮುಂದೆ 120 ಜನ ನಿಂತಿದ್ದರೂ ಕಾಯಬೇಕಾದದ್ದು 20 ನಿಮಿಷ ಮಾತ್ರ. ಇನ್ನೊಂದು ಆಟದಲ್ಲಿ ಸುತ್ತಿಗೆ ಎಂಟೇ ಮಂದಿ. ಅದಕ್ಕೂ 4 ನಿಮಿಷವೇ. ಅಲ್ಲಿ ಮುಂದೆ 60 ಜನರಷ್ಟೇ ಇದ್ದರೂ ಅರ್ಧ ಗಂಟೆ ಬೇಕು. ಆದ್ದರಿಂದ ಸಾಲಿನ ಉದ್ದವನ್ನು ಕಂಡು ಹೆದರಬಾರದು, ಗಿಡ್ಡ ಸಾಲನ್ನು ಕಂಡು ಮೋಸಹೋಗಲೂ ಬಾರದು. ಅದು ಎಷ್ಟು ಬೇಗ ಸರಿಯುತ್ತದೆಂಬುದನ್ನು ನೋಡಬೇಕು. ಹುಡುಗಿಗೆ ಇದು ಬಹಳ ಹಿಡಿಸಿತು. ಮರುದಿನ ಪಡಿತರ ಅಂಗಡಿಯ ಮುಂದೆ ನಿಂತು ಲೆಕ್ಕಹಾಕಿ, ಹನ್ನೊಂದು ನಿಮಿಷವೆಂದು ತಾಯಿಗೆ ಹೇಳಿದಳಂತೆ. ಅಂದು ಅಂಗಡಿಯ ತಕ್ಕಡಿ ಕೆಟ್ಟಿತು, ಮುಕ್ಕಾಲು ಗಂಟೆಯಾಯಿತು.

ತಕ್ಕಡಿ ಕೆಡುವುದನ್ನು ಯಾವ ಪಟ್ಟಿಯೂ ಕಾಣಲಾರದು. ಅಮೆರಿಕದ ವಾಲ್ಟ್ ಡಿಸ್ನಿ ವರ್ಷಗಟ್ಟಲೆ ಯೋಚಿಸಿ ಕಟ್ಟಿಸಿದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದಾಗ ಸುಳ್ಳು ಟಿಕೆಟ್ಟುಗಳನ್ನು ಹಿಡಿದು ಸಾವಿರಾರು ಜನ ನುಗ್ಗಿದ್ದರು. ಹೊಸದಾಗಿ ಹಾಸಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿ ಅದರಲ್ಲಿ ಹೂತುಕೊಂಡಿತು. ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣದಿಂದ ಕುಡಿಯುವ ನೀರಿನ ನಲ್ಲಿಗಳು ಎಲ್ಲೆಡೆ ಸಿದ್ಧವಾಗಿರಲಿಲ್ಲ. ಅಷ್ಟು ದೊಡ್ಡವರ ಪಟ್ಟಿಯೇ ಹಾಗಾದ ಮೇಲೆ ಮಂಡ್ಯದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯ ಗತಿಯೇನು?

ಆಟಗಳ ಕ್ರಮದಲ್ಲಿ ಮಾತ್ರ ಮೇಷ್ಟರು ಮಣಿಯಲಿಲ್ಲ. ದೊಡ್ಡ ಆಟ ಬೆಳಗ್ಗೆಯೇ ಆಗಬೇಕು. ಬಾಗಿಲು ತೆರೆದ ಕೂಡಲೇ ಸಾಲು ಚಿಕ್ಕದಿರುತ್ತದೆ ಎಂಬುದು ಒಂದು ಕಾರಣ. ಗಿರಗಿರನೆ ತಿರುಗುವಾಗ ಕಿವಿಯೊಳಗಿನ ದ್ರವವೂ ಅಲುಗಿ ತಲೆ ಸುತ್ತುವುದರಿಂದ, ಊಟವಾದ ಮೇಲೆ ಅಂತಹ ಆಟ ಹಿತವಲ್ಲ ಎಂಬುದು ಎರಡನೆಯದು. ಮೂರನೆಯ ಕಾರಣವನ್ನು ಅವರು ಪಟ್ಟಿಯಲ್ಲಿ ಬರೆಯಲಿಲ್ಲ. ಮನುಷ್ಯನು ಬೆಳಗ್ಗೆ ಎದ್ದಾಗ ಇರುವುದಕ್ಕಿಂತ ಸಂಜೆಯ ಹೊತ್ತಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗುತ್ತಾನೆ. ದಿನವಿಡೀ ನಿಂತು ನಡೆದಾಗ ಬೆನ್ನೆಲುಬಿನ ನಡುವಣ ಮೆದು ಬಿಲ್ಲೆಗಳು ಅದುಮಿಕೊಳ್ಳುವುದೇ ಇದಕ್ಕೆ ಕಾರಣ. ಹುಡುಗಿಗೆ ಇದ್ದ ಹೆಚ್ಚಳ ಒಂದೂವರೆ ಸೆಂಟಿಮೀಟರ್. ಅದರಲ್ಲಿ ಒಂದನ್ನು ಸಂಜೆಗೆ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಹುಡುಗಿಯ ಚೀಟಿಯಲ್ಲಿ ಮೊದಲನೆಯದಾಗಿ ಇದ್ದುದೇ ಆ ದೊಡ್ಡ ಆಟ. ರಿಕಾಯಿಲ್ ಎಂಬ ಆ ರೈಲು ಬುಡಮೇಲಾಗಿ ಸುರುಳಿ ಸುತ್ತುವುದಷ್ಟೇ ಅಲ್ಲ, ಮುಂದೆ ಹೋದ ದಾರಿಯಲ್ಲಿಯೇ ಹಿಂದಕ್ಕೂ ಓಡುತ್ತದೆ. ಇಂಥ ಆಟಗಳ ಮೂಲ ರಷ್ಯಾ ದೇಶದ ಹಿಮದ ಜಾರುಬಂಡೆಗಳಲ್ಲಿದೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಹೂಡಿದ ರೈಲು ಗಂಟೆಗೆ ಆರು ಮೈಲಿ ವೇಗದಲ್ಲಿ, ಅಂದರೆ ಸೈಕಲ್ಲಿಗಿಂತಲೂ ನಿಧಾನವಾಗಿ, ಏರಿಳಿಯುತ್ತಿತ್ತು. ಮುಂದೆ ಬಂಡಿಯನ್ನು ಬುಡಮೇಲಾಗಿಸುವ ಆಸೆ ಹುಟ್ಟಿ, ಪೂರ್ಣ ವೃತ್ತಾಕಾರದ ಸುರುಳಿಗಳನ್ನು ಮಾಡಿ ನೋಡಿದರು. ಕುಳಿತವರ ಕತ್ತು ನೋಯತೊಡಗಿತು. ವೃತ್ತದ ಬುಡವನ್ನು ಹೊಕ್ಕ ಕ್ಷಣದಲ್ಲಿಯೇ ಮೈಮೇಲಿನ ಒತ್ತಡ ಹಠಾತ್ತನೆ ಏರುತ್ತದೆ. ಜರ್ಮನಿಯ ವರ್ನರ್ ಸ್ಟೆಂಗೆಲ್ ಎಂಬ ಎಂಜಿನಿಯರ್, ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ, ನೀರಿನ ಹನಿಯನ್ನು ಹೋಲುವ ಸುರುಳಿಯನ್ನು ರೂಪಿಸಿದನು. 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದು ಬಳಕೆಗೆ ಬಂದ ಮೇಲೆ ಬುಡಮೇಲಾಗುವ ಆಟ ಸಾಮಾನ್ಯವಾಯಿತು. ಎತ್ತರದ ನಿಯಮವೂ ಇಂಥದೇ ಒಂದು ಲೆಕ್ಕ. ಆಸನವೂ ಭುಜದ ಪಟ್ಟಿಯೂ ಒಂದು ಗಾತ್ರದ ಮೈಯನ್ನು ಹಿಡಿದು ನಿಲ್ಲಿಸುವಂತೆ ಮಾಡಿರುತ್ತವೆ. ಅದಕ್ಕಿಂತ ಚಿಕ್ಕ ಮೈ ನುಸುಳಿ ಜಾರೀತು. ಕಂಬದ ಬಳಿ ನಿಂತ ಕಾವಲಿನವನು ಮಗುವಿನ ಶತ್ರುವಲ್ಲ.

ಹುಡುಗಿಯ ಚೀಟಿಯಲ್ಲಿ ಕೊನೆಯದಾಗಿ ‘ಅಲೆಗಳ ಕೊಳ, ತಾತನ ಜೊತೆ’ ಎಂದಿತ್ತು. ಹೃದ್ರೋಗವಿರುವವರು ದೊಡ್ಡ ಆಟಗಳನ್ನು ಹತ್ತಬಾರದು. ಎರಡು ವರ್ಷದ ಹಿಂದೆ ಮೇಷ್ಟರ ಎದೆಗೆ ಸ್ಟೆಂಟ್ ಹಾಕಿದ್ದರು. ಅವರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಬಾರದೆಂದು ಅವಳು ವೈದ್ಯರನ್ನೇ ಕೇಳಿ, ಮೊಣಕಾಲುದ್ದದ ನೀರಿಗೆ ಅಡ್ಡಿಯಿಲ್ಲವೆಂದು ತಿಳಿದು ಬರೆದಿದ್ದಳು. ಆದರೆ ನೀರಿಗಿಳಿಯಲು ಹತ್ತಿಯ ಬಟ್ಟೆ ಸಲ್ಲದು, ನೈಲಾನಿನದೇ ಆಗಬೇಕು. ಜೀವಮಾನವಿಡೀ ಪಂಚೆ, ಜುಬ್ಬಗಳಲ್ಲಿ ಕಳೆದವರು ನೈಲಾನ್ ಚಡ್ಡಿ ತೊಡುವುದೆಂದರೇನು! ‘ಹಳೆಯ ವಿದ್ಯಾರ್ಥಿ ಯಾರಾದರೂ ಕಂಡರೆ?’ ಎಂದು ಅವರು ಒಂದು ವಾರ ತಕರಾರು ಮಾಡಿದರು. ಕಡೆಗೆ ಮಂಡ್ಯದ ಪೇಟೆಬೀದಿಯಲ್ಲಿ, ಪರಿಚಯವಿಲ್ಲದ ಅಂಗಡಿಯನ್ನು ಹುಡುಕಿ, ಕಡುನೀಲಿ ಬಣ್ಣದ್ದೊಂದನ್ನು ಕೊಂಡು ಕಾಗದದಲ್ಲಿ ಸುತ್ತಿಸಿಕೊಂಡು ಬಂದರು.

ಹೊರಡುವ ಹಿಂದಿನ ರಾತ್ರಿ ಚೀಲ ಸಿದ್ಧವಾಗಿತ್ತು. ಬದಲು ಬಟ್ಟೆ, ಟವೆಲ್ಲು, ತಾತನ ಮಾತ್ರೆ, ಗುರುತಿನ ಚೀಟಿಗಳು, ನಾಲ್ಕಾಗಿ ಮಡಚಿದ ವೇಳಾಪಟ್ಟಿ. ದೀಪ ಆರಿಸಿದ ಮೇಲೆ ಹುಡುಗಿ ಎದ್ದುಬಂದು ತಾತನ ಮಂಚದ ತುದಿಯಲ್ಲಿ ಕುಳಿತಳು.

“ತಾತ, ಹೋದ ವರ್ಷ ಆ ಕಂಬದ ಹತ್ತಿರ ನನ್ನನ್ನು ನಿಲ್ಲಿಸಿದಾಗ ನನಗೆ ಬೇಜಾರಾಗಲಿಲ್ಲ.”

ಮೇಷ್ಟರು ಕಾದರು.

“ಸದ್ಯ, ತಪ್ಪಿಸಿಕೊಂಡೆ ಅನ್ನಿಸಿತು. ನನಗೆ ತುಂಬ ಭಯವಾಗಿತ್ತು. ಎಲ್ಲರೂ ‘ಪಾಪ, ಪಾಪ’ ಅಂದರು. ಭಯ ಅಂತ ಹೇಳೋದಕ್ಕೆ ನಾಚಿಕೆಯಾಗಿ ಸುಮ್ಮನೆ ಅತ್ತೆ. ಈಗ ಎತ್ತರ ಸಾಕಾಗಿದೆ. ಇನ್ನು ಹೇಳೋದಕ್ಕೆ ಏನೂ ಇಲ್ಲ.”

ಕೆಂಪು ಗೆರೆ ಎಳೆದ ಕೈ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಒಂದು ವರ್ಷದಿಂದ ಅವರು ಮಗುವಿನ ಎತ್ತರವನ್ನು ಅಳೆಯುತ್ತಿದ್ದರು. ಮಗುವೂ ಆ ಗೆರೆಯನ್ನು ದಿನಾ ನೋಡುತ್ತಿತ್ತು. ‘ಭಯವೇತಕ್ಕೆ’ ಎಂದು ಅವರು ಗದರಬಹುದಿತ್ತು, ‘ಹಾಗಾದರೆ ಬೇಡ ಬಿಡು’ ಎಂದು ಆ ಸಾಲನ್ನು ಹೊಡೆದುಹಾಕಲೂಬಹುದಿತ್ತು. ಎರಡನ್ನೂ ಮಾಡದೆ ಎದ್ದು ದೀಪ ಹಾಕಿ, ಚೀಲದಿಂದ ಪಟ್ಟಿಯನ್ನು ತೆಗೆದರು.

“ಸಾಲಿನಲ್ಲಿ ನಿಂತವರೆಲ್ಲ ಹತ್ತಲೇಬೇಕೆಂದು ಕಾನೂನಿಲ್ಲ ಕಣಮ್ಮ. ಗಾಡಿಯ ಹತ್ತಿರ ಹೋದ ಮೇಲೂ ‘ನಾನು ಬರುವುದಿಲ್ಲ’ ಎಂದರೆ ಬೇಡವೆಂದವರನ್ನು ಯಾರೂ ಕಟ್ಟಿಹಾಕಿ ಕೂರಿಸುವುದಿಲ್ಲ. ನಾನು ಹೊರಬರುವ ಬಾಗಿಲ ಎದುರಿಗೇ ಕುಳಿತಿರುತ್ತೇನೆ.”

ಹೀಗೆಂದು ‘ಸಾಲು 20 ನಿಮಿಷ, ಆಟ 4 ನಿಮಿಷ’ ಎಂದಿದ್ದುದರ ಮಧ್ಯೆ ಇನ್ನೊಂದು ಸಾಲನ್ನು ಸೇರಿಸಿದರು: ‘ಮನಸ್ಸು ಬದಲಾಯಿಸಲು, 5 ನಿಮಿಷ.’ ಕೆಳಗಿನ ವೇಳೆಗಳನ್ನೆಲ್ಲ ಐದೈದು ನಿಮಿಷ ಮುಂದಕ್ಕೆ ತಿದ್ದಿದರು. ಹುಡುಗಿ ಅದನ್ನು ಓದಿ, ಏನೂ ಹೇಳದೆ ಹೋಗಿ ಮಲಗಿದಳು.

ಬೆಳಗಿನ ರೈಲು ಹದಿನೈದು ನಿಮಿಷ ತಡವಾಗಿ ಬಂದಿತು. ಚಿತ್ರಾನ್ನ ಮದ್ದೂರಿನ ಹೊತ್ತಿಗೇ ಮುಗಿದಿತ್ತು. ಆದರೂ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಹೊಟ್ಟೆಯಲ್ಲಿ ಹೇಗೋ ಜಾಗ ದೊರೆಯಿತು. ಅಳತೆಯ ಕಂಬದ ಬಳಿ ಹುಡುಗಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಕಾವಲಿನವನು ಒಮ್ಮೆ ನೋಡಿ, ಹೋಗೆಂದು ಕೈ ತೋರಿಸಿದನು. ಅಷ್ಟು ದಿನ ಕಾದ ಗಳಿಗೆ ಎರಡು ಕ್ಷಣದಲ್ಲಿ ಆಗಿಹೋಯಿತು.

ಮೇಷ್ಟರು ಹೊರಬರುವ ಬಾಗಿಲ ಎದುರಿನ ಬೆಂಚಿನ ಮೇಲೆ ಚೀಲ, ಚಪ್ಪಲಿಗಳೊಡನೆ ಕುಳಿತರು. ಮೇಲೆ ರೈಲು ಗರ್ಜಿಸುತ್ತ ಬುಡಮೇಲಾಗಿ ಸುತ್ತುತ್ತಿತ್ತು, ಕೂಗು ಕೇಳುತ್ತಿತ್ತು. ಅವರು ತಲೆಯೆತ್ತಿ ನೋಡಲಿಲ್ಲ. ಅವರ ಕಣ್ಣು ಬಾಗಿಲಿನ ಮೇಲಿತ್ತು. ಒಮ್ಮೆ ಒಬ್ಬ ಮೀಸೆಯ ಯುವಕ ಗಾಡಿ ಹತ್ತದೆಯೇ ಹಿಂದಿರುಗಿ ಬಂದನು. ಇಪ್ಪತ್ತು ನಿಮಿಷ ಕಳೆಯಿತು, ಇಪ್ಪತ್ತೈದಾಯಿತು. ಬೇರೆ ಯಾರೂ ಹಾಗೆ ಬರಲಿಲ್ಲ. ಮೂವತ್ತನೆಯ ನಿಮಿಷಕ್ಕೆ ಬಾಗಿಲಿನಿಂದ ಹೊರಬಿದ್ದ ಗುಂಪಿನ ನಡುವೆ, ಜಡೆ ಬಿಚ್ಚಿಹೋಗಿ, ಮುಖ ಬಿಳುಪೇರಿದ ಹುಡುಗಿಯೊಬ್ಬಳು ಕಾಣಿಸಿಕೊಂಡಳು. ಅವಳ ಮೊಣಕಾಲು ಇನ್ನೂ ನಡುಗುತ್ತಿದ್ದವು.

“ತಾತ, ನೀವು ಕೊಟ್ಟ ಐದು ನಿಮಿಷ ಹಾಗೇ ಉಳಿದಿದೆ. ಇನ್ನೊಂದು ಸಲ ಹೋಗಿಬರಲೇ?”

“ಇನ್ನೊಂದು ಸಲಕ್ಕೆ ಐದು ಎಲ್ಲಿ ಸಾಲುತ್ತದಮ್ಮ? ಮುಂದೆ ಈಗ ನೂರೈವತ್ತು ಜನರಾದರೂ...” ಎಂದು ಮೇಷ್ಟರು ಲೆಕ್ಕ ಆರಂಭಿಸುವಷ್ಟರಲ್ಲಿ ಹುಡುಗಿ ಸಾಲಿನ ಬಾಲವನ್ನು ಸೇರಿಯಾಗಿತ್ತು. ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಅಲೆಗಳ ಕೊಳದ ವೇಳೆಯನ್ನು ಅರ್ಧ ಗಂಟೆ ಮುಂದಕ್ಕೆ ತಿದ್ದಿದರು.